ಬಾಡಿಗೆಯ ಕಿರೀಟ

ನಮ್ಮ ಅರಕೆರೆ ಕಡೆ ಹಬ್ಬ, ಜಾತ್ರೆ ಬಂತೆಂದರೆ ‘ಕುರುಕ್ಷೇತ್ರ’ ನಾಟಕ. ಅಪ್ಪನದು ಯಾವಾಗಲೂ ದುರ್ಯೋಧನನ ಪಾತ್ರ. ಕಿರೀಟ ತೊಟ್ಟು, ಗದೆ ಹೊತ್ತು ಬಂದರೆ ಶಿಳ್ಳೆಯೋ ಶಿಳ್ಳೆ.

ಡಿಗ್ರಿಯಲ್ಲಿ ರನ್ನನ ‘ಗದಾಯುದ್ಧ’ ಓದುವಾಗಲೂ ನನಗೆ ಅಪ್ಪನೇ ಕಾಣುತ್ತಿದ್ದ. ಸಾವಿರ ವರ್ಷದ ಹಿಂದಿನ ಆ ಕಾವ್ಯದಲ್ಲಿ ಹೆತ್ತವರು ಸಂಧಿ ಮಾಡಿಕೊ ಎಂದು ಬೇಡುತ್ತಾರೆ. ದುರ್ಯೋಧನ ಒಪ್ಪುವುದಿಲ್ಲ. ಕರ್ಣನ ಹೆಣದ ಮುಂದೆ ಅಷ್ಟು ಅತ್ತವನಿಗೆ, ಬದುಕಿರುವವರ ಮುಂದೆ ಸೋತೆ ಎನ್ನಲಾಗುವುದಿಲ್ಲ. ಭೀಷ್ಮರ ಮಾತಿಗೆ ಕಟ್ಟುಬಿದ್ದು ವೈಶಂಪಾಯನ ಸರೋವರದಲ್ಲಿ ಅಡಗಿದರೂ, ಭೀಮನ ಮೂದಲಿಕೆಗೆ ನೀರೊಳಗೇ ಬೆವರುತ್ತಾನೆ. ಹೇಡಿ ಅನ್ನಿಸಿಕೊಳ್ಳುವ ಭಯ ಸಾವಿನ ಭಯವನ್ನೂ ಮೀರುತ್ತದೆ. ಎದ್ದು ಬಂದು ತೊಡೆ ಮುರಿಸಿಕೊಳ್ಳುತ್ತಾನೆ.

ಕಳೆದ ವರ್ಷ ಕಬ್ಬಿನ ದುಡ್ಡು ತಡವಾಯಿತು. ಅಪ್ಪ ಮಾತ್ರ ಮೀಸೆ ತಿರುವುತ್ತಲೇ ಇದ್ದ. ಬಡ್ಡಿಯವನು ಬಾಗಿಲಿಗೆ ಬಂದಾಗಲೇ ಸಾಲದ ವಿಷಯ ನಮಗೆ ಗೊತ್ತಾಗಿದ್ದು.

“ಮೊದಲೇ ಯಾಕೆ ಹೇಳಲಿಲ್ಲಪ್ಪ?” ಅಂದೆ.

“ಹೆಂಡ್ತಿ ಮಕ್ಕಳ ಮುಂದೆ ಸೋತೆ ಅಂತ ಹೆಂಗವ್ವ ಹೇಳ್ಲಿ?”

ನನಗೆ ಎದೆ ಝಲ್ಲೆಂದಿತು. ಹೀಗೆ ಹೇಳಲಾಗದೆಯೇ ನಮ್ಮ ಜಿಲ್ಲೆಯಲ್ಲಿ ಎಷ್ಟೋ ರೈತರು ಜೀವ ಕಳೆದುಕೊಂಡಿದ್ದಾರೆ.

ಅವತ್ತು ರಾತ್ರಿ ದುರ್ಯೋಧನ ಕರ್ಣನಿಗಾಗಿ ಅಳುವ ಪ್ರಸಂಗವನ್ನು ಅಪ್ಪನಿಗೆ ಓದಿ, ಅರ್ಥ ಹೇಳಿದೆ. ಅಪ್ಪ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. ಬೆಳಗ್ಗೆ ಅವ್ವನನ್ನೂ ಕೂರಿಸಿಕೊಂಡು ಸಾಲದ ಲೆಕ್ಕವನ್ನೆಲ್ಲ ನನ್ನ ಕೈಲಿ ಬರೆಸಿದ.

ಸಾಲ ಇನ್ನೂ ತೀರಿಲ್ಲ. ಆದರೆ ಈಗ ಅದು ಮನೆಯವರೆಲ್ಲರದು. ಈ ಸಲವೂ ಅಪ್ಪನೇ ದುರ್ಯೋಧನ. “ಕಿರೀಟ ಹೇಗೂ ಬಾಡಿಗೆಯದು, ನಾಟಕ ಮುಗಿದ ಮೇಲೆ ಅಲ್ಲೇ ಕೊಟ್ಟು ಬಾರಪ್ಪ” ಅಂದಿದ್ದೇನೆ.