ಕಂಪನಿ ವಕೀಲರು ಯಾರ ವಕೀಲರು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ವಕೀಲರು ಅಂದ್ರೆ ಕಣ್ಣಿಗೆ ಬರೋದು ಕರಿಕೋಟು, ಕಂಕುಳಲ್ಲಿ ಫೈಲು. ಜಮೀನು ಭಾಗ, ದಾರಿ ತಕರಾರು ಅಂತ ಕೋರ್ಟಿಗೆ ಅಲೆದ ಮನೆಗಳಿಗೆ ಅವರ ಪರಿಚಯ ಇದ್ದೇ ಇರುತ್ತೆ. ಈಗ ಅದೇ ಮನೆಗಳ ಮಕ್ಕಳು ಮೈಸೂರು, ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಸೇರುತ್ತಿದ್ದಾರೆ. ಅಲ್ಲಿ ಇನ್ನೊಂದು ಬಗೆಯ ವಕೀಲರಿದ್ದಾರೆ. ಕರಿಕೋಟು ಇಲ್ಲ. ನಮ್ಮ ಹಾಗೇ ಕೊರಳಿಗೆ ಐಡಿ ಕಾರ್ಡು ಹಾಕ್ಕೊಂಡು, ಅದೇ ಕ್ಯಾಂಟೀನಿನಲ್ಲಿ ಊಟ ಮಾಡುತ್ತಾರೆ. ಅವರನ್ನು 'ಲೀಗಲ್‌ನವರು' ಅಂತೀವಿ.

ಸಾಫ್ಟ್‌ವೇರ್ ಎಂಜಿನಿಯರ್ ಆದ ನನಗೆ ಇವರ ಕೆಲಸ ಆಗಾಗ ಎದುರಾಗುತ್ತೆ. ಗ್ರಾಹಕರ ಜೊತೆ ಒಪ್ಪಂದ ಬರೆಯೋರು ಇವರೇ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಕೋಡನ್ನು ನಮ್ಮ ಉತ್ಪನ್ನದಲ್ಲಿ ಸೇರಿಸಬಹುದಾ ಅಂತ ನೋಡೋರೂ ಇವರೇ. ಒಮ್ಮೆ ನಮ್ಮ ಮ್ಯಾನೇಜರ್ ಗ್ರಾಹಕರ ಅಸಲಿ ಮಾಹಿತಿಯನ್ನೇ ಪರೀಕ್ಷೆಗೆ ಬಳಸಲು ಹೊರಟಾಗ, ಲೀಗಲ್‌ನಿಂದ ಎರಡೇ ಸಾಲಿನ ಮೇಲ್ ಬಂತು: ಆಗೋದಿಲ್ಲ. ಅಷ್ಟಕ್ಕೇ ನಿಂತಿತು. ಹೀಗೆ ಒಳಗಿನವರೇ 'ಬೇಡ' ಅನ್ನೋದು ಅಗ್ಗ. 2013ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್, ವೀಸಾ ಬಳಕೆಯ ಆರೋಪದ ಪ್ರಕರಣದಲ್ಲಿ ಅಮೆರಿಕ ಸರ್ಕಾರದ ಜೊತೆ 3.4 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ವಂಚನೆಯ ಆರೋಪವನ್ನು ಕಂಪನಿ ಒಪ್ಪಲಿಲ್ಲ, ಆದರೂ ಹಣ ಕಟ್ಟಬೇಕಾಯಿತು.

ಇಷ್ಟೆಲ್ಲ ನೋಡಿದಾಗ 'ಲೀಗಲ್‌ನವರು ನಮಗೂ ಸಹಾಯ ಮಾಡ್ತಾರೆ' ಅನ್ನಿಸೋದು ಸಹಜ. ತೊಡಕು ಶುರುವಾಗೋದು ಇಲ್ಲೇ.

ಎಚ್.ಡಿ. ಕೋಟೆಯ ನನ್ನ ಗೆಳೆಯನೊಬ್ಬ ಬೇರೊಂದು ಕಂಪನಿಗೆ ಬಾಂಡ್ ಬರೆದುಕೊಟ್ಟು ಸೇರಿದ್ದ. ಅಪ್ಪನಿಗೆ ಪಾರ್ಶ್ವವಾಯು ಆಯಿತು. ಊರಿಗೆ ಹತ್ತಿರದ ಕೆಲಸ ಹುಡುಕಿಕೊಂಡ. ಅಲ್ಲಿನ ಲೀಗಲ್ ಮೇಡಂ ಕೆ.ಆರ್. ನಗರದವರು. ನಮ್ಮ ಕಡೆಯವರೇ ಅಂತ ಎಲ್ಲವನ್ನೂ ಹೇಳಿಕೊಂಡ, ಹೊಸ ಕೆಲಸದ ಆಫರ್ ಕೈಲಿರೋದನ್ನೂ. ಮುಂದಿನ ವಾರ ಬಾಂಡಿನ ಪೂರ್ತಿ ಹಣ ಕೇಳಿ ನೋಟಿಸ್ ಬಂತು. ಆ ಆಫರಿನ ವಿಷಯವೂ ಅದರಲ್ಲಿತ್ತು. ಮೇಡಂ ಕೆಟ್ಟವರಲ್ಲ, ಅವರು ಮಾಡಿದ್ದು ಸಂಬಳದ ಕೆಲಸ. ಆದರೆ 'ನೋಡಪ್ಪ, ನಾನು ಕಂಪನಿ ಪರ' ಅಂತ ಮೊದಲೇ ಒಂದು ಮಾತು ಹೇಳಬೇಕಿತ್ತು. ಕೊನೆಗೆ ಅವನು ಹುಣಸೂರಿನ ವಕೀಲರೊಬ್ಬರನ್ನು ಹಿಡಿದು, ಹಣ ಕಡಿಮೆ ಮಾಡಿಸಿ, ಕಂತಿನಲ್ಲಿ ಕಟ್ಟಿದ.

ಹೊಗೆಸೊಪ್ಪಿನ ಹರಾಜಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತೆ. ಕಂಪನಿ ಕಡೆಯ ಖರೀದಿದಾರನಿಗೆ ಎಲೆಯ ಗುಣ ಚೆನ್ನಾಗಿ ಗೊತ್ತು, ಮಾತೂ ಮೃದು. ಆದರೆ ನಮ್ಮ ಬೇಲಿಗೆ ರೇಟು ಏರಿಸೋದು ಅವನ ಕೆಲಸವಲ್ಲ.

ಕಾನೂನೂ ಇದನ್ನೇ ಹೇಳುತ್ತೆ. ಬಾರ್ ಕೌನ್ಸಿಲ್‌ನ 49ನೇ ನಿಯಮದಂತೆ, ವಕೀಲಿಕೆ ಮಾಡುವವರು ಪೂರ್ಣಾವಧಿ ಸಂಬಳದ ನೌಕರರಾಗಿರುವಂತಿಲ್ಲ. ಕೆಲಸಕ್ಕೆ ಸೇರಿದರೆ ವಕೀಲಿಕೆ ನಿಲ್ಲಿಸಬೇಕು. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಇನ್ನೊಂದು ವಿಷಯ ಸ್ಪಷ್ಟಪಡಿಸಿತು: ಕಕ್ಷಿದಾರ ಮತ್ತು ವಕೀಲರ ನಡುವಿನ ಮಾತಿಗೆ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿರುವ ಗೋಪ್ಯತೆಯ ರಕ್ಷಣೆ ಕಂಪನಿಯ ಸಂಬಳದ ವಕೀಲರಿಗೆ ಸಿಗುವುದಿಲ್ಲ. ಕಂಪನಿಯ ಮಾತಿಗೇ ಆ ರಕ್ಷಣೆ ಇಲ್ಲದಿರುವಾಗ ನೌಕರನ ಮಾತಿಗೆ ಎಲ್ಲಿಂದ ಬರಬೇಕು?

ಬಾಂಡ್ ವಿಷಯದಲ್ಲಿ 'ಅದೆಲ್ಲ ಕೋರ್ಟಲ್ಲಿ ನಿಲ್ಲೋಲ್ಲ ಬಿಡೋ' ಅನ್ನುವ ಗೆಳೆಯರನ್ನೂ ನಂಬಬೇಡಿ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯ ಬ್ಯಾಂಕಿನಲ್ಲಿ, ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತಿತ್ತು. ನಮ್ಮ ಹೈಕೋರ್ಟಿನಲ್ಲಿ ನೌಕರ ಗೆದ್ದಿದ್ದರು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಷರತ್ತು ಸರಿ ಎಂದಿತು. ಹಾಗಂತ ಕಂಪನಿ ಬರೆದಿದ್ದೆಲ್ಲ ವೇದವಾಕ್ಯವೂ ಅಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ, ಬಾಂಡಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ. ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಿಗುತ್ತೆ.

ಹಾಗಾದರೆ ಏನು ಮಾಡೋದು? ಕಂಪನಿಯ ನಿಯಮ ಏನು ಅಂತ ಲೀಗಲ್‌ನವರನ್ನು ಧಾರಾಳವಾಗಿ ಕೇಳಿ, ಬರಹದಲ್ಲೇ ಕೇಳಿ. ಆದರೆ ನಿಮ್ಮ ಮತ್ತು ಕಂಪನಿಯ ನಡುವೆ ತಕರಾರು ಇದ್ದರೆ, ನಿಮ್ಮದೇ ವಕೀಲರ ಹತ್ತಿರ ಹೋಗಿ. ಫೀಸಿನ ಚಿಂತೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ನೆರವು ಕಾನೂನಿನಲ್ಲೇ ಇದೆ. ಸಹಾಯವಾಣಿ 15100.

ಕೆಲಸ ಸಿಕ್ಕಿತು ಅಂತ ಸಿಹಿ ಹಂಚುವ ಅಪ್ಪ ಅಮ್ಮಂದಿರಿಗೆ ನನ್ನದೊಂದು ಮಾತು. ಮಗನೋ ಮಗಳೋ ಸಹಿ ಹಾಕುವ ಮುಂಚೆ ಆ ಕಾಗದವನ್ನು ನಿಮ್ಮೂರಿನ ವಕೀಲರಿಗೆ ಒಮ್ಮೆ ತೋರಿಸಿ. ಜಮೀನಿನ ಪತ್ರವನ್ನಾದರೆ ತೋರಿಸದೆ ಬಿಡ್ತೀರಾ?