ಮುತ್ತತ್ತಿಯ ಆನೆದಾರಿಯೂ ಕಲ್ಲುಗಣಿಯೂ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ಹೋದವರು ಸಾಮಾನ್ಯವಾಗಿ ಕಾವೇರಿಯಲ್ಲಿ ಮಿಂದು, ಹನುಮಂತರಾಯನ ದರ್ಶನ ಮಾಡಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು ಹಿಂತಿರುಗುತ್ತಾರೆ. ಆ ಹೊಳೆಗೆ ನಮಗಿಂತ ಹಳೆಯ ಯಾತ್ರಿಕರೂ ಉಂಟು. ಬೇಸಗೆಯಲ್ಲಿ ಕಾಡಿನ ಕಟ್ಟೆಗಳು ಬತ್ತಿದಾಗ ಆನೆಯ ಹಿಂಡುಗಳು ಈ ದಡವನ್ನು ಆಶ್ರಯಿಸುತ್ತವೆ. ಮಳೆ ಬಿದ್ದು ಹುಲ್ಲು ಚಿಗುರಿದೊಡನೆ ಚದುರುತ್ತವೆ. ಇಲ್ಲಿನ ಕಾಡು ಉತ್ತರಕ್ಕೆ ಕನಕಪುರದ ಬೆಟ್ಟಗಳ ಮೂಲಕ ಬನ್ನೇರುಘಟ್ಟದೊಡನೆಯೂ, ದಕ್ಷಿಣಕ್ಕೆ ಮಲೆ ಮಹದೇಶ್ವರನ ಬೆಟ್ಟದೊಡನೆಯೂ ಕೂಡಿಕೊಂಡಿದೆ. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮವು ಈ ಸರಪಣಿಯ ನಡುವಣ ಕೊಂಡಿ.

ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವು ಬೇಕು. ಒಂದೇ ಕಡೆ ನಿಂತರೆ ಕಾಡೇ ಸವೆದೀತು. ಆದ್ದರಿಂದ ಅದು ನಡೆಯಲೇಬೇಕು. ದಾರಿಯನ್ನು ಬಲ್ಲವಳು ಹಿಂಡಿನ ಹಿರಿಯ ಹೆಣ್ಣಾನೆ. ಮರಿಗಳು ಅವಳ ಹಿಂದೆ ನಡೆದು ಕಲಿಯುತ್ತವೆ.

ಗಣಿಯ ಪ್ರಭಾವವು ಗಣಿಯ ಬಾಯಲ್ಲೇ ಮುಗಿಯದೆಂಬುದು ಈ ಸೀಮೆಗೆ ಹೊಸ ಮಾತಲ್ಲ. ಇದೇ ಹೊಳೆಯ ಮೇಲುಭಾಗದ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ್ದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಾಗಿ. ಇಂದಿನ ಗಣಿ ಚಿನ್ನದ್ದಲ್ಲ, ಕಲ್ಲಿನದು. ಬೆಂಗಳೂರು ಬೆಳೆದಂತೆಲ್ಲ ಕನಕಪುರ, ಬನ್ನೇರುಘಟ್ಟಗಳ ಆಸುಪಾಸಿನ ಬಂಡೆಗಳು ಜಲ್ಲಿಯೂ ಚಪ್ಪಡಿಯೂ ಆಗಿ ಲಾರಿಯೇರಿದವು.

ಇದರಿಂದ ಆನೆಗೆ ಏನಾಗುತ್ತದೆ? ಆನೆ ನೆಗೆಯಲಾರದು. ಅರಣ್ಯ ಇಲಾಖೆಯವರು ಹೊಲದಂಚಿನಲ್ಲಿ ಕಂದಕ ತೋಡುವುದು ಈ ತಿಳಿವಳಿಕೆಯಿಂದಲೇ. ಕಡಿದಾದ ಗೋಡೆಯ ಕಲ್ಲುಗುಂಡಿಯಾದರೋ ಯಾರೂ ಉದ್ದೇಶಿಸದೆಯೇ ತೋಡಿದ ಕಂದಕ; ಗುತ್ತಿಗೆಯ ಅವಧಿ ತೀರಿದರೂ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಇನ್ನು ಸಿಡಿಮದ್ದಿನ ಸದ್ದು. ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿದ ದನಿಯಲ್ಲಿ ಒಂದನ್ನೊಂದು ಕರೆಯಬಲ್ಲ ಪ್ರಾಣಿಗೆ ಅದು ಸಣ್ಣ ಉಪದ್ರವವಲ್ಲ. ಜನರ ಕಣ್ಣು ತಪ್ಪಿಸಿ ಇರುಳಲ್ಲಿ ನಡೆಯೋಣವೆಂದರೆ ಲಾರಿಗಳ ದೀಪ.

ಹೀಗೆ ತಡೆದ ಹಿಂಡು ನಡಿಗೆಯನ್ನು ಬಿಡುವುದಿಲ್ಲ, ದಾರಿಯನ್ನು ಬದಲಿಸುತ್ತದೆ. ಬದಲಿಸಿದ ದಾರಿಯಲ್ಲಿ ರಾಗಿಯ ಹೊಲವಿರುತ್ತದೆ. ಕಲ್ಲಿನ ಹಣ ಒಬ್ಬನದು, ತುಳಿದುಹೋದ ಪೈರು ಮತ್ತೊಬ್ಬನದು. ಆನೆಯ ಹಾವಳಿಗೆಲ್ಲ ಗಣಿಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ; ರಸ್ತೆ, ಬೇಲಿ, ಬಡಾವಣೆಗಳೂ ಇವೆ. ಆದರೆ ಬೇಲಿಯನ್ನು ಕೀಳಬಹುದು, ಸಿಡಿಸಿದ ಬೆಟ್ಟವನ್ನು ಮರಳಿ ನಿಲ್ಲಿಸಲಾಗದು.

ಕಾನೂನು ಸುಮ್ಮನಿಲ್ಲ. ಅಭಯಾರಣ್ಯದ ಒಳಗೂ, ಅದರ ಎಲ್ಲೆಯಿಂದ 1 ಕಿಲೋಮೀಟರಿನೊಳಗೂ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ಹೇಳಿತು. ಬನ್ನೇರುಘಟ್ಟದ ಸುತ್ತಣ ಪರಿಸರಸೂಕ್ಷ್ಮ ವಲಯವಾದರೋ 2016ರ ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರಿದ್ದದ್ದು, 2020ರ ಅಂತಿಮ ಅಧಿಸೂಚನೆಯಲ್ಲಿ ಸುಮಾರು 169ಕ್ಕೆ ಇಳಿಯಿತು. ಈ ಅಳತೆಗಳೆಲ್ಲ ಕಾಡಿನ ಎಲ್ಲೆಗಲ್ಲಿನಿಂದ ಹೊರಡತಕ್ಕವು. ಆನೆಯ ದಾರಿ ಕೆಲವೆಡೆ ಆ ಕಲ್ಲನ್ನು ದಾಟಿ ಪಟ್ಟಾ ಜಮೀನಿನಲ್ಲಿಯೂ ಸರ್ಕಾರಿ ಗೋಮಾಳದಲ್ಲಿಯೂ ಹಾಯುತ್ತದೆ. ಗಣಿಯ ಗುತ್ತಿಗೆಯನ್ನು ಪರಿಶೀಲಿಸುವವರು ನಕ್ಷೆಯೊಡನೆ ಆ ದಾರಿಯನ್ನೂ ಒಮ್ಮೆ ನಡೆದು ನೋಡಬೇಕೆಂಬುದು ನಮ್ಮ ಕೋರಿಕೆ. ಅದೂ ಕಾವೇರಿಯ ಕಡೆಗೆ ಹಿಂಡುಗಳು ಇಳಿದುಬರುವ ಬೇಸಗೆಯಲ್ಲಿ.