ಇಲ್ಲಿ ಕಸ, ಬೆಂಗಳೂರಲ್ಲಿ ಕಾಸು!

ತಿಪಟೂರು: ಕಲ್ಪತರು ನಾಡು ಅಂತ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಕೊಬ್ಬರಿ ಧಾರಣೆ ಸ್ವಲ್ಪ ಇಳಿದರೂ ಊರೆಲ್ಲ ಗುಲ್ಲು. ಆದರೆ ಸುಲಿದ ಕಾಯಿಯ ಸಿಪ್ಪೆ ಎಲ್ಲಿಗೆ ಹೋಯ್ತು, ಏನಾಯ್ತು ಅಂತ ಕೇಳೋರು ಯಾರು ಸ್ವಾಮಿ?

ಸಿಪ್ಪೆ ಹೋಗುವುದು ನಾರಿನ ಮಿಲ್ಲಿಗೆ. ನೂರು ಕೆಜಿ ಸಿಪ್ಪೆ ಬಡಿದರೆ ಸಿಗುವ ನಾರು ಸುಮಾರು 30 ಕೆಜಿ. ಉಳಿದ 70 ಕೆಜಿ ಬರೀ ಹೊಟ್ಟು. ಹಗ್ಗಕ್ಕೂ ಬಾರದ ಈ ಹೊಟ್ಟು ಮಿಲ್ಲಿನ ಹಿಂದೆ ಗುಡ್ಡೆ ಬೀಳುತ್ತದೆ. ಮಳೆ ಬಂದರೆ ಗುಡ್ಡೆಯಿಂದ ಕಾಫಿ ಡಿಕಾಕ್ಷನ್ ಬಣ್ಣದ ನೀರು ಇಳಿಯುತ್ತದೆ. ಅದರಲ್ಲಿರುವ ಟ್ಯಾನಿನ್ ಹಳ್ಳ, ಬಾವಿ ಸೇರಿದರೆ ನೀರು ಕೆಟ್ಟಂತೆಯೇ. ಬೇಸಿಗೆಯಲ್ಲಿ ಕಿಡಿ ತಾಗಿದರೆ ಒಳಗೊಳಗೇ ಹೊಗೆಯಾಡುತ್ತದೆ.

ಇಟ್ಟಿಗೆಯ ಅವತಾರ

ಇದೇ ಹೊಟ್ಟನ್ನು ಒಣಗಿಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿದರೆ ಅದರ ಹೆಸರು ಕೋಕೋಪೀಟ್! ಬೆಂಗಳೂರಿನ ತಾರಸಿ ತೋಟದವರು ಕೊಂಡು ಒಯ್ಯುವುದು ಇದನ್ನೇ. ಕುಂಡಕ್ಕೆಲ್ಲ ಮಣ್ಣೇ ತುಂಬಿದರೆ ತಾರಸಿ ಭಾರ ತಡೆಯಬೇಕಲ್ಲ? ಹೊಟ್ಟು ಹಗುರ. ತನ್ನ ತೂಕದ ಐದಾರು ಪಟ್ಟು ನೀರು ಹಿಡಿದಿಡುತ್ತದೆ. 5 ಕೆಜಿಯ ಒಂದು ಇಟ್ಟಿಗೆಗೆ ನೀರು ಹಾಕಿದರೆ ಉಬ್ಬಿ 60 ಲೀಟರಿನಷ್ಟಾಗುತ್ತದೆ. ದೇಶದ ತೆಂಗಿನ ನಾರಿನ ಸರಕುಗಳ ರಫ್ತಿನಲ್ಲೂ ಈಗ ಈ ಹೊಟ್ಟಿನದೇ ಮೇಲುಗೈ.

ಹಾಗೇ ಸುರಿದೀರಿ, ಜೋಕೆ!

ಅಗ್ಗಕ್ಕೆ ಸಿಗುತ್ತೆ ಅಂತ ಹಸಿ ಹೊಟ್ಟನ್ನು ಮಿಲ್ಲಿಂದ ತಂದು ಕುಂಡಕ್ಕೆ ಸುರಿದರೆ ಗಿಡ ಹಳದಿ ತಿರುಗುತ್ತದೆ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಸಾಲದ್ದಕ್ಕೆ ಸಾರಜನಕ ಒಂದು ಪಾಲಿದ್ದರೆ ಇಂಗಾಲ ಸುಮಾರು 112 ಪಾಲು. ಹೊಟ್ಟು ಕೊಳೆಸುವ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೂ ಕಬಳಿಸುತ್ತವೆ.

ಇದಕ್ಕೆ ತೆಂಗು ನಾರು ಮಂಡಳಿ ಸುಲಭದ ದಾರಿ ತೋರಿಸಿದೆ. ಒಂದು ಟನ್ ಹೊಟ್ಟಿಗೆ 5 ಕೆಜಿ ಯೂರಿಯಾ, 2 ಕೆಜಿ ಪಿತ್‌ಪ್ಲಸ್ ಎಂಬ ಅಣಬೆ ಬೀಜ. ನೆರಳಲ್ಲಿ 100 ಕೆಜಿ ಹೊಟ್ಟು ಹರಡಿ, ಅದರ ಮೇಲೆ 400 ಗ್ರಾಂ ಅಣಬೆ ಬೀಜ. ಮೇಲಿನ ಪದರಕ್ಕೆ 1 ಕೆಜಿ ಯೂರಿಯಾ. ಹೀಗೆ ಒಂದು ಬಿಟ್ಟು ಒಂದರಂತೆ ಹತ್ತು ಪದರ. ತೇವ ಆರದಂತೆ ನೋಡಿಕೊಂಡರೆ 30 ದಿನಕ್ಕೆ ಕಪ್ಪು ಗೊಬ್ಬರ ತಯಾರು. ಆಗ ಇಂಗಾಲದ ಪಾಲು 112ರಿಂದ 24ರ ಆಸುಪಾಸಿಗೆ ಇಳಿದಿರುತ್ತದೆ. ದೊಡ್ಡ ಯಂತ್ರ ಬೇಡ, ದೊಡ್ಡ ಬಂಡವಾಳವೂ ಬೇಡ.

ಲಾಭ ಯಾರಿಗೆ?

ಪ್ರಶ್ನೆ ಇರೋದೇ ಇಲ್ಲಿ. ಸಿಪ್ಪೆ ನಮ್ಮದು, ಧೂಳು ನಮ್ಮದು, ಕೆಂಪು ನೀರೂ ನಮ್ಮದೇ. ಹೊಟ್ಟು ಲಾರಿ ಹತ್ತಿ ಹೋದ ಮೇಲೆ ಬೆಲೆ ಕಟ್ಟೋನು ಬೇರೆಯವನು! ಗೊಬ್ಬರ ಮಾಡುವ ಕೆಲಸವನ್ನು ಇಲ್ಲಿನ ರೈತರ, ಹೆಂಗಸರ ಸಹಕಾರ ಸಂಘಗಳೇ ಯಾಕೆ ಹಿಡಿಯಬಾರದು? ಮಿಲ್ಲಿನವರೂ ಅಷ್ಟೇ. ಗುಡ್ಡೆಗೆ ಮಾಡು ಹಾಕಿ, ತೊಳೆದ ನೀರಿಗೆ ತೊಟ್ಟಿ ಕಟ್ಟಿದರೆ ಪಕ್ಕದ ಹೊಲದವನ ಬಾವಿ ಉಳಿಯುತ್ತದೆ.

ರೈತರಿಗೂ ಒಂದು ಮಾತು. ಇದ್ದಬದ್ದ ಸಿಪ್ಪೆಯನ್ನೆಲ್ಲ ಮಾರಬೇಡಿ. ಸಿಪ್ಪೆಯಲ್ಲಿ ಪೊಟ್ಯಾಷ್ ಇದೆ. ತೆಂಗಿನ ಸಾಲಿನ ನಡುವೆ ಗುಂಡಿ ತೋಡಿ, ಒಳಮೈ ಮೇಲಾಗಿ ಜೋಡಿಸಿ ಹೂತರೆ ಐದಾರು ವರ್ಷ ತೇವ ಹಿಡಿದಿಡುತ್ತದೆ. ತೋಟ ಒಣಗಿಸಿಕೊಂಡು ಊರವರ ಕುಂಡ ತುಂಬೋದು ಯಾವ ನ್ಯಾಯ?

ಸಂಬಂಧಪಟ್ಟವರು ಮುಂದಿನ ಮಳೆಗಾಲಕ್ಕೆ ಮೊದಲಾದರೂ ಆ ಗುಡ್ಡೆಗಳ ಕಡೆ ತಿರುಗಿ ನೋಡುವರೇ?